ಮೂರು ಸಲ ಊದಿದ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ತಗಡು ಬಗ್ಗಿಸಿ ಬೆಸುಗೆ ಹಾಕುವ ಇಕ್ಕಟ್ಟಾದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹೊಟ್ಟೆಯೊಳಗೆ ಬೆಂಡಿನ ಸಣ್ಣ ಗುಂಡೊಂದನ್ನು ತೂರಿಸಿ, ಸರಿಯಾಗಿದೆಯೋ ಇಲ್ಲವೋ ನೋಡಲು ಯಾರೋ ಊದಿದರು. ನನ್ನೊಳಗೆ ಬಂದ ಆ ಮೊದಲ ಉಸಿರು ಯಾರದೆಂದು ಗೊತ್ತಿಲ್ಲ. ಅದಕ್ಕೆ ಎಲೆ ಅಡಿಕೆಯ ವಾಸನೆ ಇತ್ತು, ಅಷ್ಟೇ ನೆನಪು.

ಕೊಪ್ಪಳದ ಕಡೆಯ ಒಂದು ಹಳ್ಳಿಯ ಶಾಲೆಗೆ ನನ್ನನ್ನು ತಂದವರು ಡ್ರಿಲ್ ಮಾಸ್ತರ ದ್ಯಾಮಣ್ಣ. ಹನ್ನೊಂದು ವರ್ಷ ಅವರ ಜೇಬಿನಲ್ಲಿದ್ದೆ. ಅವರು ಊದಿದರೆ ಮಕ್ಕಳು ಬೆಚ್ಚುತ್ತಿದ್ದರು, ಮೈದಾನದಲ್ಲಿ ಮೇಯುವ ಆಡುಗಳೂ ತಲೆಯೆತ್ತುತ್ತಿದ್ದವು. ನಿವೃತ್ತಿಯ ದಿನ ಅವರು ನನ್ನನ್ನು ಹೊಸದಾಗಿ ಬಂದಿದ್ದ ಅಂಬುಜಾ ಅಕ್ಕೋರ ಕೈಗಿಟ್ಟರು. ಆ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುತ್ತಾರೆ.

"ಜೋರಾಗಿ ಊದ್ರಿ ಅಕ್ಕೋರ. ನಿಮ್ಮ ದನಿ ಸಣ್ಣದೈತಿ, ಇದರದು ದೊಡ್ಡದೈತಿ" ಎಂದರು.

ಅಕ್ಕೋರು ನನಗೆ ಕರಿ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಅಂದಿನಿಂದ ಅವರ ಜೀವನವೆಲ್ಲ ನನಗೆ ಎದೆಯ ಮೇಲಿಂದಲೇ ಕಂಡದ್ದು. ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತಿದರೆ ಒಂಬತ್ತೂವರೆಗೆ ಶಾಲೆ. ಬುಟ್ಟಿಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಬಣ್ಣದ ಸೀಮೆಸುಣ್ಣದ ಡಬ್ಬಿ. ಅವರಿಗೆ ನಕಾಶೆಗಳ ಹುಚ್ಚು. ಸಮಾಜ ಪಾಠವೆಂದರೆ ಪುಸ್ತಕ ಮುಚ್ಚಿ ಮಕ್ಕಳನ್ನು ಓಣಿ ಓಣಿ ತಿರುಗಿಸುವುದು. ಬಾವಿ ಎಷ್ಟು, ಬೇವಿನ ಮರ ಎಲ್ಲೆಲ್ಲಿ, ಗಿರಣಿಯಿಂದ ಹಳ್ಳಕ್ಕೆ ಎಷ್ಟು ಹೆಜ್ಜೆ, ಎಲ್ಲವನ್ನೂ ಹಾಳೆಯ ಮೇಲೆ ತರಬೇಕು. "ತನ್ನ ಊರಿನ ದಾರಿ ಬರಿಯಾಕ ಬಂದ್ರ ಜಗತ್ತಿನ ದಾರಿ ತಾನ ತಿಳಿತೈತಿ" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಟ್ರಿಪ್ಪು. ಒಂದು ವರ್ಷ ಆಣೆಕಟ್ಟು, ಇನ್ನೊಂದು ವರ್ಷ ಸಮುದ್ರ. ಸಮುದ್ರ ನೋಡಿದ ಒಬ್ಬ ಹುಡುಗಿ, "ಇದಕ್ಕ ಒಡ್ಡು ಯಾರು ಹಾಕ್ಯಾರ್ರೀ?" ಎಂದು ಕೇಳಿದಾಗ ಅಕ್ಕೋರು ಮರಳಿನಲ್ಲಿ ಕುಳಿತು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ನಗುವಾಗ ನಾನು ಅವರ ಎದೆಯ ಮೇಲೆ ಕುಣಿಯುತ್ತಿದ್ದೆ. ಟ್ರಿಪ್ಪಿನಲ್ಲಿ ಎರಡೇ ಕಟ್ಟಳೆ. ಜೋಡಿಯವರ ಕೈ ಬಿಡಬಾರದು. ಸೀಟಿ ಮೂರು ಸಲ ಕೇಳಿದರೆ ಎಲ್ಲಿದ್ದರೂ ಓಡಿ ಬರಬೇಕು.

ಆ ವರ್ಷದ ಟ್ರಿಪ್ಪು ತೋಳನಗುಡ್ಡದ ಕೋಟೆಗೆ. ಏಳನೆಯ ತರಗತಿಯ ಹುಲಿಗೆವ್ವನ ಅಪ್ಪ ಫಕೀರಪ್ಪ ಮಗಳನ್ನು ಕಳಿಸುವುದಿಲ್ಲ ಎಂದ. ಶಾಲೆಯಲ್ಲಿ ಎಲ್ಲರಿಗಿಂತ ಚೆಂದ ನಕಾಶೆ ಬರೆಯುವವಳು ಅವಳೇ. ಅಕ್ಕೋರು ಸೈಕಲ್ ಹತ್ತಿ ಅವನ ಮನೆಗೇ ಹೋದರು. ಫಕೀರಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಹೆಂಡತಿ ಗಾಳೆವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಹೆಣ್ಣ ಹುಡುಗಿ ಐತ್ರಿ. ಏನರ ಆದ್ರ ಹೊಣಿ ಯಾರು?"

"ನಾನ ಹೊಣಿ. ಹೆಂಗ ಕರಕೊಂಡ ಹೋಗತೀನೋ ಹಂಗ ತಂದ ಒಪ್ಪಸ್ತೀನಿ, ಫಕೀರಪ್ಪಾ."

ಬಾಗಿಲ ಮರೆಯ ಗಾಳೆವ್ವ ಆಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂತೋಷಕ್ಕೆ ಎಂದು ಅಕ್ಕೋರು ತಿಳಿದರು. ನಾನೂ ಹಾಗೇ ತಿಳಿದೆ.

ನಲವತ್ತು ಮಕ್ಕಳು. ಕೋಟೆಯ ಹೆಬ್ಬಾಗಿಲಲ್ಲಿ ಒಂದು ಫೋಟೋ ತೆಗೆಸಿದರು. ಹುಲಿಗೆವ್ವ ಮತ್ತು ಅವಳ ಜೋಡಿ ದೇವಕ್ಕ ಮುಂದಿನ ಸಾಲಿನಲ್ಲಿ ಕೈ ಹಿಡಿದು ನಿಂತರು. ಊಟವಾದ ಮೇಲೆ ಅಕ್ಕೋರು ಬಂಡೆಯ ಮೇಲೆ ಸೀಮೆಸುಣ್ಣದಿಂದ ಕೋಟೆಯ ನಕಾಶೆ ಬರೆದು, ಹಿಂಬದಿಯಲ್ಲಿ ಒಂದು ಸಣ್ಣ ಗುರುತು ಹಾಕಿದರು. "ಇದು ದಿಡ್ಡಿ ಬಾಗಲ. ವೈರಿಗೋಳು ಮುತ್ತಿಗಿ ಹಾಕಿದಾಗ ಒಳಗಿನವರು ಸುಳಿವಿಲ್ಲದಂಗ ಹೊರಗ ಹೋಗಾಕ."

"ಅಲ್ಲಿಂದ ಇಳದ್ರ ಯಾವ ಊರು ಬರತೈತ್ರೀ?" ಎಂದಳು ಹುಲಿಗೆವ್ವ.

"ಚಿಕ್ಕಬೂದೂರು. ಭಾಳ ಶ್ಯಾಣ್ಯಾ ಪ್ರಶ್ನೆ" ಎಂದು ಅಕ್ಕೋರು ಅವಳ ತಲೆ ಸವರಿದರು.

ನಾಲ್ಕು ಗಂಟೆಗೆ ಅಕ್ಕೋರು ಮೂರು ಸಲ ಊದಿದರು. ಮುರುಕು ಗೋಡೆಗಳ ಹಿಂದಿನಿಂದ ಮಕ್ಕಳು ಓಡಿ ಬಂದರು. ಎಲ್ಲರಿಗಿಂತ ಮುಂದೆ ದೇವಕ್ಕ, ಲಂಗ ಎತ್ತಿ ಹಿಡಿದು, ನಗುತ್ತಾ. "ನಾನ ಫಸ್ಟ್ ರೀ ಅಕ್ಕೋರ!"

"ನಿನ್ನ ಜೋಡಿ ಎಲ್ಲಿ?"

ದೇವಕ್ಕ ಹಿಂದಿರುಗಿ ನೋಡಿದಳು. ನಗು ಅವಳ ಮುಖದಲ್ಲಿ ಇನ್ನೂ ಉಳಿದಿತ್ತು. "ಒಂದಕ್ಕ ಹೋಗಿ ಬರತೀನಿ ಅಂದ್ಲರಿ..."

ಅಕ್ಕೋರು ತಲೆ ಎಣಿಸಿದರು. ಮೂವತ್ತೊಂಬತ್ತು. ಮತ್ತೆ ಎಣಿಸಿದರು. ಮತ್ತೆ ಊದಿದರು. ಅದಾದ ಮೇಲೆ ಎಷ್ಟು ಸಲ ಊದಿದರೋ ನನಗೇ ಲೆಕ್ಕ ತಪ್ಪಿತು. ಬುರುಜು ಹತ್ತಿ ಊದಿದರು, ದಿಡ್ಡಿ ಬಾಗಿಲಲ್ಲಿ ಬಗ್ಗಿ ಊದಿದರು. ಅವರ ತುಟಿ ಒಡೆದು ರಕ್ತ ನನ್ನ ಬಾಯಿಗೆ ಬಂತು. ಹೊಟ್ಟೆಯ ಬೆಂಡು ಎಂಜಲಿಗೂ ಕಣ್ಣೀರಿಗೂ ನೆನೆದು ಉಬ್ಬಿತು, ತಿರುಗದಾಯಿತು, ನನ್ನ ದನಿ ಒಡೆಯಿತು. ಹೊತ್ತು ಮುಳುಗುವ ಮುಂಚೆ ದಿಡ್ಡಿ ಬಾಗಿಲ ಹತ್ತಿರದ ಕಲ್ಲುಹೊಂಡದ ಮೆಟ್ಟಿಲ ಮೇಲೆ ಒಂದು ಕೆಂಪು ರಿಬ್ಬನ್ನು, ಒಂದು ಚಪ್ಪಲಿ ಸಿಕ್ಕವು. ಹೊಂಡದ ನೀರು ಕಪ್ಪಗಿತ್ತು. ಅಕ್ಕೋರು ದೇವಕ್ಕನನ್ನು ಎಳೆದು ಅಪ್ಪಿಕೊಂಡರು. ನಾನು ಇಬ್ಬರ ನಡುವೆ ಸಿಕ್ಕಿಕೊಂಡೆ. "ನೀನರ ಬಂದೆಲ್ಲವ್ವಾ, ನೀನರ ಬಂದಿ" ಎಂದು ಅಕ್ಕೋರು ಅಂದದ್ದು ನನ್ನ ಮೈಗೆಲ್ಲ ಕೇಳಿಸಿತು.

ಮುಳುಗು ಹಾಕಿದವರಿಗೆ ಹೊಂಡದ ತಳ ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಪೊಲೀಸ್ ಠಾಣೆಯಲ್ಲಿ ಒಬ್ಬ ಅಧಿಕಾರಿ ನನ್ನನ್ನು ಒರೆಸಿ, ಬೆಂಡು ಆರಿದ ಮೇಲೆ ಒಮ್ಮೆ ಊದಿ, ಮೇಜಿನ ಮೇಲಿಟ್ಟ. "ಸೀಟಿ ಬರೋಬ್ಬರಿ ಐತೆಲ್ರೀ" ಎಂದ. ಅಕ್ಕೋರು ತಲೆ ತಗ್ಗಿಸಿ ಕುಳಿತಿದ್ದರು. ಆರು ತಿಂಗಳು ಅವರನ್ನು ಕೆಲಸದಿಂದ ಹೊರಗಿಟ್ಟರು. ಫಕೀರಪ್ಪ ಶಾಲೆಯ ಅಂಗಳಕ್ಕೆ ಬಂದು ಮಣ್ಣು ತೂರಿದ. ಗಾಳೆವ್ವ ಮಾತ್ರ ಒಂದು ಮಾತೂ ಆಡಲಿಲ್ಲ. ಪ್ರತಿ ವರ್ಷ ಎಳೆ ಜೋಳ ಸುಟ್ಟು ತಿಕ್ಕಿದ ಸೀತನಿಯನ್ನು ಅರಿವೆಯಲ್ಲಿ ಕಟ್ಟಿ ತಂದು, ಅಕ್ಕೋರ ಮೇಜಿನ ಮೇಲಿಟ್ಟು, ಮುಖ ಎತ್ತದೆ ಹೋಗುತ್ತಿದ್ದಳು. ಅಕ್ಕೋರು ಆ ಗಂಟಿನ ಮುಂದೆ ಕಲ್ಲಿನಂತೆ ಕೂರುತ್ತಿದ್ದರು. ಆಕೆ ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

ಆಮೇಲೆ ಟ್ರಿಪ್ಪು ನಿಂತಿತು. ಅಕ್ಕೋರು ಮತ್ತೆ ನನ್ನನ್ನು ಊದಲಿಲ್ಲ. ಕೊರಳಿನಿಂದ ತೆಗೆಯಲೂ ಇಲ್ಲ. ಸೈಕಲ್ ಮೇಲೆ ಹೋಗುವಾಗ ಎದುರುಗಾಳಿ ನನ್ನ ಬಾಯಿಯ ಸೀಳಿನಲ್ಲಿ ನುಗ್ಗಿ ಎಳೆಯಂಥ ಒಂದು ಸದ್ದು ಹುಟ್ಟುತ್ತಿತ್ತು. ಆಗ ಅವರು ಗಕ್ಕನೆ ನಿಂತು ಹಿಂದಿರುಗಿ ನೋಡುತ್ತಿದ್ದರು. ಬರೀ ದಾರಿ. ಎರಡೂ ಕಡೆ ಜೋಳದ ಹೊಲ.

ಮಕ್ಕಳಲ್ಲಿ ಒಂದು ಮಾತು ಹಬ್ಬಿತು. "ಅಕ್ಕೋರ ಸೀಟ್ಯಾಗ ಹುಲಿಗೆವ್ವ ಅದಾಳಂತ. ಊದಿದ್ರ ಬರತಾಳಂತ." ಹೋಂವರ್ಕ್ ತೋರಿಸಲು ಬಂದ ಮಕ್ಕಳು ಮೆಲ್ಲಗೆ ನನ್ನ ಕಡೆ ಕಿವಿ ತರುತ್ತಿದ್ದರು. ನನ್ನೊಳಗೆ ಯಾರೂ ಇರಲಿಲ್ಲ. ಆದರೆ ಎಷ್ಟೋ ವರ್ಷ ಅದನ್ನು ಕೇಳಿ ಕೇಳಿ, ನನಗೇ ಹೊಟ್ಟೆಯೊಳಗೆ ಬೆಂಡಲ್ಲದ ಇನ್ನೇನೋ ಉರುಳಿದಂತಾಗುತ್ತಿತ್ತು.

ಹಾಜರಿ ಕೂಗುವಾಗ ಅಕ್ಕೋರ ಬಾಯಿ ತಪ್ಪಿ ಆ ಹೆಸರನ್ನು ಕೂಗಿಬಿಡುತ್ತಿತ್ತು. ಕೂಗಿ, ಒಂದು ಗಳಿಗೆ ಕಾದು, ಮುಂದಿನ ಹೆಸರಿಗೆ ಹೋಗುವರು. ಒಂದು ದಿನ "ಹುಲಿಗೆವ್ವ" ಎಂದಾಗ ತರಗತಿಯೊಳಗಿನಿಂದ "ಹಾಜರ್ ರೀ" ಎಂದು ಕೇಳಿಸಿತು. ಎರಡನೆಯ ಸಾಲಿನ ಒಂದು ಸಣ್ಣ ಹುಡುಗಿ, ಅಕ್ಕೋರ ಮುಖ ನೋಡಲಾಗದೆ, ಹಾಗಂದಿದ್ದಳು. ಅಕ್ಕೋರು ಕುರ್ಚಿ ಹಿಡಿದು ಕುಳಿತರು. ಅವರ ಎದೆ ನನ್ನನ್ನು ಬಡಿಯುತ್ತಿತ್ತು. ಹುಡುಗಿಗೆ ಬೈಯಲಿಲ್ಲ. ಅಂದು ಪಾಠವನ್ನೂ ಮಾಡಲಿಲ್ಲ.

ಹೀಗೆ ಇಪ್ಪತ್ತಾರು ವರ್ಷ. ಅಕ್ಕೋರು ನಿವೃತ್ತರಾಗಿ ಕೊಪ್ಪಳದಲ್ಲಿ ಎರಡು ಕೋಣೆಯ ಮನೆ ಹಿಡಿದರು. ಒಂದು ಮಧ್ಯಾಹ್ನ ನಲವತ್ತರ ಹತ್ತಿರದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

"ಅಕ್ಕೋರ, ನಾ ಹುಲಿಗೆವ್ವರಿ."

ಅಕ್ಕೋರು ನನ್ನನ್ನು ಮುಷ್ಟಿಯಲ್ಲಿ ಹಿಡಿದರು. ಒಳಗೆ ಹೋಗಿ ಒಂದು ಹಾಳೆ, ಪೆನ್ಸಿಲು ತಂದು ಮುಂದಿಟ್ಟರು. "ಊರ ನಕಾಶೆ ಬರಿ."

ಆಕೆ ನೆಲದ ಮೇಲೆ ಕುಳಿತು ಬರೆದಳು. ಗಿರಣಿ ಬಂತು, ಹಳ್ಳ ಬಂತು. ಮುಚ್ಚಿ ಹೋಗಿದ್ದ ಮೂರು ಬಾವಿಗಳು ಬಂದವು. ಕಡಿದು ಎಷ್ಟೋ ಕಾಲವಾಗಿದ್ದ ಬೇವಿನ ಮರಗಳು ತಮ್ಮ ತಮ್ಮ ಜಾಗದಲ್ಲಿ ಎದ್ದು ನಿಂತವು. ಕೊನೆಯ ಬೇವಿನ ಮರ ಬಂದಾಗ ಅಕ್ಕೋರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

ಹುಲಿಗೆವ್ವ ಎಲ್ಲ ಹೇಳಿದಳು. ಸುಗ್ಗಿ ಮುಗಿದ ಕೂಡಲೇ ಸೋದರತ್ತೆಯ ಮಗನೊಂದಿಗೆ ಅವಳ ಮದುವೆ ನಿಶ್ಚಯವಾಗಿತ್ತು. ಅವಳಿಗೆ ಹದಿಮೂರು, ಅವನಿಗೆ ಮೂವತ್ತು. ಮಗಳು ಸತ್ತಳೆಂದು ನಂಬಿದರೆ ಮಾತ್ರ ಫಕೀರಪ್ಪ ಅವಳನ್ನು ಹುಡುಕುವುದಿಲ್ಲ ಎಂದು ಗಾಳೆವ್ವ ಯೋಚಿಸಿದಳು. ಸೊಲ್ಲಾಪುರದ ತಂಗಿಯನ್ನು ಕರೆಸಿ ಚಿಕ್ಕಬೂದೂರಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿದಳು. ರಿಬ್ಬನ್ನು, ಚಪ್ಪಲಿ ಬಿಡಲು ಹೇಳಿದವಳೂ ಅವಳೇ. ಹುಲಿಗೆವ್ವ ಸೊಲ್ಲಾಪುರದಲ್ಲಿ ಓದಿ ನರ್ಸ್ ಆದಳು. ಗಾಳೆವ್ವ ಗುಟ್ಟನ್ನು ಎದೆಯಲ್ಲಿಟ್ಟುಕೊಂಡೇ ತೀರಿಹೋದಳು. ಹೋದ ತಿಂಗಳು ಫಕೀರಪ್ಪನೂ ತೀರಿದ.

"ನಾ ಊದಿದ್ದು ಕೇಳಸ್ತೇನು?"

"ಕೇಳಸ್ತರಿ. ದಿಡ್ಡಿ ಬಾಗಲ ಕೆಳಗ ಬಂಡಿಗಲ್ಲ ಮರಿಗಿ ಕುಂತಿದ್ನಿ. ನಿಮ್ಮ ಕಾಲು ಕಾಣತಿದ್ವು. ಕಿವಿ ಮುಚ್ಚಿಕೊಂಡ್ನಿ, ಆದ್ರೂ ಕೇಳತಿತ್ತು. ಈಗೂ ಕೇಳತೈತ್ರಿ."

"ಒಂದು ಕಾರ್ಡು ಬರೀಬೇಕಿತ್ತವ್ವಾ."

"ಬರೆದಿದ್ರ ನಮ್ಮಪ್ಪಗ ನೀವು ಸುಳ್ಳು ಹೇಳಬೇಕಾಕ್ಕಿತ್ತು. ನಿಮಗ ಸುಳ್ಳು ಹೇಳಾಕ ಬರೂದಿಲ್ಲರಿ."

ಅಕ್ಕೋರು ಎದ್ದು ಹೋಗಿ ಅನ್ನಕ್ಕಿಟ್ಟರು. ಬಡಿಸುವಾಗ ಕೇಳಿದರು, "ನಿನ್ನ ಜೋಡಿ, ದೇವಕ್ಕ, ಆಕಿನ್ನ ನೋಡಿದೇನು? ಮರುವರ್ಷ ಲಗ್ನ ಆತು ಅಂತ ಕೇಳಿದ್ದೆ."

ಹುಲಿಗೆವ್ವ ಕೈಯ ತುತ್ತನ್ನು ತಾಟಿಗೆ ಇಳಿಸಿದಳು. "ನಾ ತಪ್ಪಿಸಿಕೊಂಡ ಮ್ಯಾಲ ನಮ್ಮ ಅತ್ತಿ ಮಗಗ ಆಕಿನ್ನ ಕೊಟ್ರು, ಅಕ್ಕೋರ. ನನಗೂ ಮೊನ್ನೆನ ತಿಳೀತು. ಎರಡನೇ ಹೆರಿಗ್ಯಾಗ ಹೋದ್ಲಂತ. ಹದಿನಾರು ವರ್ಷ ಇತ್ತಂತ ಆಕಿಗೆ."

ಅಂಬುಜಾ ಅಕ್ಕೋರು ಸೌಟು ಹಿಡಿದು ನಿಂತೇ ಇದ್ದರು. ಇಪ್ಪತ್ತಾರು ವರ್ಷ ಅವರು ಬಾರದೆ ಹೋದವಳ ಹೆಸರು ಕೂಗಿದ್ದರು. ಓಡಿ ಬಂದವಳ ಹೆಸರನ್ನು ಯಾರೂ ಕೂಗಿರಲಿಲ್ಲ.

ವಾರದೊಳಗೆ ಅಕ್ಕೋರು ಕೋಟೆಯ ಫೋಟೋವನ್ನು ಕಟ್ಟು ಸಮೇತ ಚೀಲದಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ, ದೇವಕ್ಕ ಮದುವೆಯಾಗಿ ಹೋಗಿದ್ದ ಮನೆಯನ್ನು ಕೇಳಿಕೊಂಡು ಹೋದರು. ಗಂಡ ಬೇರೆ ಮದುವೆಯಾಗಿ ಎಲ್ಲಿಗೋ ಹೋಗಿದ್ದ. ಇದ್ದವಳು ದೇವಕ್ಕನ ಮೊದಲ ಮಗಳು ಶಂಕ್ರವ್ವ, ಸೊಂಟದ ಮೇಲೆ ವರ್ಷದ ಹೆಣ್ಣುಕೂಸು. ಆ ಮನೆಯಲ್ಲಿ ದೇವಕ್ಕನ ಒಂದು ಫೋಟೋವೂ ಇರಲಿಲ್ಲ. ತಾಯಿಯ ಮುಖ ಹೇಗಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಕ್ಕೋರು ಮುಂದಿನ ಸಾಲಿನ ಮೇಲೆ ಬೆರಳಿಟ್ಟರು. "ಈಕಿ."

ಶಂಕ್ರವ್ವ ಬಗ್ಗಿ ನೋಡಿದಳು. "ಇಷ್ಟು ಸಣ್ಣಾಕಿ ಇದ್ಲೇನ್ರಿ ನಮ್ಮವ್ವ?" ಎಂದಳು. ಗಾಜಿನ ಮೇಲೆ ಹನಿ ಬಿತ್ತು, ಸೆರಗಿನಿಂದ ಒರೆಸಿದಳು, ಮತ್ತೆ ಬಿತ್ತು. "ಹೆಂಗಿದ್ಲರಿ? ಏನರ ಹೇಳ್ರಿ."

"ಅವತ್ತ ನಾ ಸೀಟಿ ಊದಿದಾಗ ಎಲ್ಲಾರಕಿಂತ ಮೊದಲ ಓಡಿ ಬಂದ್ಲು" ಎಂದರು ಅಕ್ಕೋರು. "ನಕ್ಕೋತ ಬಂದ್ಲು."

ಹೊರಡುವ ಹೊತ್ತಿಗೆ ಕೂಸು ಅಕ್ಕೋರ ಕೊರಳ ದಾರ ಎಳೆದು ನನ್ನನ್ನು ಬಾಯಿಗಿಟ್ಟುಕೊಂಡಿತು. ಬಿಡಿಸಲು ಹೋದರೆ ಅತ್ತಿತು. ಅಕ್ಕೋರು ದಾರವನ್ನು ತಲೆಯ ಮೇಲಿಂದ ತೆಗೆದು, ನನ್ನನ್ನು ಅದರ ಕೈಯಲ್ಲೇ ಬಿಟ್ಟರು. ಫೋಟೋವನ್ನೂ ಬಿಟ್ಟರು. ಬರಿಗೊರಳಲ್ಲಿ ಬಸ್ ಹತ್ತಲು ಹೋದರು.

ಈಗ ನಾನು ಶಂಕ್ರವ್ವನ ಅಡುಗೆಮನೆಯ ಗೂಡಿನಲ್ಲಿ ಇರುತ್ತೇನೆ. ಮೈಯ ಹೊಳಪೆಲ್ಲ ಹೋಗಿದೆ, ಬೆಂಡು ಒಣಗಿ ಚಿಕ್ಕದಾಗಿದೆ. ಕರೆಯುವುದು ನನ್ನ ಕೆಲಸ. ಕರೆದಾಗ ಬಾರದವಳು ಬದುಕಿದಳು. ನಗುತ್ತ ಬಂದವಳನ್ನು ಎಂಥ ಕಡೆಗೆ ಕರೆದೆನೋ ನನಗೆ ತಿಳಿದಿರಲಿಲ್ಲ, ಊದಿದವರಿಗೂ ತಿಳಿದಿರಲಿಲ್ಲ. ತಿಳಿದಿರಲಿಲ್ಲ ಎಂದರೆ ಮನಸ್ಸು ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆಗಿಲ್ಲ.

ನಿನ್ನೆ ಮೊದಲ ಸಲ ಕೂಸಿನ ಉಸಿರು ನನ್ನನ್ನು ಊದುವಷ್ಟಾಯಿತು. ನನ್ನಿಂದ ಒಂದು ಒಡಕು ಸದ್ದು ಹೊರಟಿತು. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಶಂಕ್ರವ್ವ ನೊರೆ ಕೈಯಲ್ಲೇ ಓಡಿ ಬಂದಳು.

"ಏನವ್ವಾ, ಕರದೇನು? ಬಂದೆ ನೋಡು" ಎಂದಳು.

ಓಡಿ ಬರುವ ಆ ಹೆಜ್ಜೆಗಳಿಗೆ ನಾನು ಹೆದರಿದೆ.