ದೇವರ ಮುಂದಿನ ಲೋಟ

ದರ್ಜಿಯ ಹೆಂಡತಿಯ ಜೊತೆ ದೇವರು ಮಾತಾಡುತ್ತಿದ್ದ. ಮೊದಮೊದಲು ಒಳ್ಳೆಯ ಮಾತೇ. ಆಮೇಲೆ ಊಟ ಬಿಡು ಅಂದ, ನಿದ್ದೆ ಬಿಡು ಅಂದ, ಕೊನೆಗೆ ಮಹಡಿಯ ಕಟ್ಟೆ ಹತ್ತಿ ಹಾರು, ನಾನು ಹಿಡಿದುಕೊಳ್ಳುತ್ತೇನೆ ಅಂದ. ಹಿಡಿದುಕೊಂಡವನು ದರ್ಜಿ. ರಟ್ಟೆ ಕೈಗೆ ಸಿಕ್ಕಿತು, ಪುಣ್ಯ.

ಡಾಕ್ಟರು ಕೊಟ್ಟ ಮಾತ್ರೆಯನ್ನು ಅವಳು ಬಚ್ಚಲಿಗೆ ಸುರಿದಳು. "ನನ್ನ ನಂಬಿಕೆ ಪರೀಕ್ಷೆ ಮಾಡೋಕೆ ಬಂದಿರೋದು ಇದು. ನಾನು ಸೋಲಲ್ಲ."

ಅತ್ತೆ, "ತವರಿಗೆ ಕಳಿಸಿ ಕೈ ತೊಳ್ಕೋ," ಎಂದು ಮಗನ ಹತ್ತಿರ ರಾಗ ತೆಗೆದಳು. ದರ್ಜಿಗೆ ಮೈ ಉರಿಯಿತು. "ದೇವರ ಮುಂದೆ ಕೈ ಹಿಡಿದಿದ್ದೀನಮ್ಮ. ಹೊಲಿಗೆ ಬಿಚ್ಚಿತು ಅಂತ ಬಟ್ಟೆ ಬಿಸಾಕ್ತೀವಾ?"

ಬಿಸಾಕಲಿಲ್ಲ, ಸರಿ. ಮಾಡಿದ್ದೇನು? ದಿನಾ ಬೆಳಿಗ್ಗೆ ಅವಳು ದೇವರ ಮುಂದೆ ಒಂದು ಲೋಟ ನೀರಿಟ್ಟು ಪ್ರಾರ್ಥಿಸಿ, ಆಮೇಲೆ ಕುಡಿಯುತ್ತಿದ್ದಳು. ಆ ಲೋಟ ತುಂಬಿಕೊಡುವುದು ಮದುವೆಯಾದಾಗಿನಿಂದ ಅವನ ಪಾಲಿನ ಕೆಲಸ. ಕತ್ತರಿಯ ಹಿಡಿಯಿಂದ ಮಾತ್ರೆ ಪುಡಿಮಾಡಿ ಅದರಲ್ಲೇ ಕದಡಿದ. ಬೆರಳ ಮೇಲಿನ ಬಿಳಿ ಪುಡಿ ಕಂಡು ಅವಳೊಮ್ಮೆ, "ಬೆಳ್ಳಂಬೆಳಿಗ್ಗೇನೇ ಬಟ್ಟೆಗೆ ಗೆರೆ ಎಳೆಯೋ ಸೀಮೆಸುಣ್ಣ ಮೆತ್ಕೊಂಡ್ರಾ?" ಎಂದು ನಕ್ಕಳು. ಅವನು ಹೂಂ ಅಂದ. ಬೆರಳನ್ನು ಪಂಚೆಗೆ ಒರೆಸಿಕೊಂಡ.

ಮದ್ದು ಹತ್ತಿತು. ಉಂಡಳು, ಮಲಗಿದಳು, ಗುಂಡಿ ಹೊಲಿಯಲು ಅಂಗಡಿಗೂ ಬಂದಳು. ದರ್ಜಿ ಹಿಗ್ಗಿಹೋದ. ಅವಳು ಒಳಗೊಳಗೇ ಸೊರಗುತ್ತಿದ್ದದ್ದು ಪುಣ್ಯಾತ್ಮನ ಕಣ್ಣಿಗೆ ಬೀಳಲಿಲ್ಲ.

ಒಂದು ಬೆಳಿಗ್ಗೆ ಲೋಟ ಹಿಡಿದೇ ಬಿಕ್ಕಿದಳು. "ದೇವರು ನನ್ನ ಬಿಟ್ಟುಬಿಟ್ಟ ಕಣ್ರೀ. ಎಷ್ಟು ಕರೆದ್ರೂ ಓಗೊಡಲ್ಲ. ಏನು ಪಾಪ ಮಾಡ್ದೆ ನಾನು? ಅವನಿಗೇ ಬೇಡವಾದ ಮೇಲೆ ಯಾಕೆ ಬದುಕಿರಲಿ?"

ಬಾಯಿಬಿಟ್ಟರೆ ಮದ್ದು ನಿಲ್ಲುತ್ತದೆ. ಬಿಡದಿದ್ದರೆ ಮಾಡದ ಪಾಪಕ್ಕೆ ಇವಳು ಕೊರಗಿ ಸಾಯುತ್ತಾಳೆ. ದರ್ಜಿ ಅವಳ ಪಕ್ಕ ನೆಲದ ಮೇಲೆ ಕೂತ.

"ಪಾಪ ನಿಂದಲ್ಲ, ನಂದು. ಈ ನೀರಲ್ಲಿ ದಿನಾ ಮಾತ್ರೆ ಹಾಕ್ತಿದ್ದೆ. ನಿಂತಿದ್ದು ಕಾಯಿಲೆ ಕಣೇ, ದೇವರಲ್ಲ."

ಅವಳು ಲೋಟ ಕೆಳಗಿಟ್ಟಳು. "ಹಾಗಾದ್ರೆ ಅವನು ಮಾತಾಡಿದ್ದೆಲ್ಲ ಸುಳ್ಳಾ?"

"ಹಾರು ಅಂದವನು ದೇವರಲ್ಲ. ನನಗೆ ಹಿಡ್ಕೋ ಅಂದನಲ್ಲ, ಅವನು ದೇವರು."

"ನನ್ನ ಕೇಳಬಹುದಿತ್ತು."

"ಕೇಳಿದ್ರೆ ಕುಡೀತಿದ್ಯಾ?"

"ಇಲ್ಲ," ಅಂದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಆ ನೀರನ್ನು ಚೆಲ್ಲಿ ಬಂದು, ಅಂಗೈ ಚಾಚಿದಳು. ಅವನು ಮಾತ್ರೆ ಇಟ್ಟ.

ಅಂದಿನಿಂದ ಮಾತ್ರೆ ತಪ್ಪಿಸಿಲ್ಲ. ನೀರನ್ನು ಮಾತ್ರ ತಾನೇ ತುಂಬಿಕೊಳ್ಳುತ್ತಾಳೆ. ಅವನು ಲೋಟಕ್ಕೆ ಕೈ ಹಾಕಿದರೆ, "ಇರಲಿ ಬಿಡಿ," ಅನ್ನುತ್ತಾಳೆ, ಮೆತ್ತಗೆ.