ಗಿರ್ಮಿಟ್ ತರಿಸುವ ಮುನಾಫ

ಮುನಾಫನಿಗೂ ಕುರ್ಚಿಗೂ ಎಂದೂ ಆಗಿಬರಲಿಲ್ಲ. ರಾಣೇಬೆನ್ನೂರಿನಲ್ಲಿ ಬೀಜದಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಕಂಪನಿಯೊಂದರ ಶಾಖೆಗೆ ಮ್ಯಾನೇಜರನಾಗಿದ್ದ ಈ ಮಹಾಶಯ, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು ತೊಟ್ಟು, ಕೀಗೊಂಚಲು ಝಣಗುಡಿಸುತ್ತ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅಲೆಯುತ್ತಲೇ ಆಡಳಿತ ನಡೆಸುತ್ತಿದ್ದ. ಮಾತೆತ್ತಿದರೆ ‘ಖರೇ ಹೇಳ್ತೇನಿ’ ಎನ್ನುವನು. ಆಮೇಲೆ ಖರೆಯೊಂದನ್ನು ಬಿಟ್ಟು ಊರ ಸಂಗತಿಯನ್ನೆಲ್ಲ ಹೇಳುವನು.

ಜನರ ಧ್ವನಿ ಕೇಳಿ ಕೇಳಿ ಟೈಪು ಮಾಡಿ, ಯಂತ್ರಕ್ಕೆ ಕನ್ನಡದ ಮಾತು ಕಲಿಸುವುದು ಅಲ್ಲಿಯ ಕೆಲಸ. ಯಂತ್ರ ಕಲಿಯಿತು, ಕಲಿಸಿದವರು ಹೆಚ್ಚುವರಿಯಾದರು. ಬೆಂಗಳೂರಿನ ದೊಡ್ಡವರು ಇದಕ್ಕೆ ‘ಪುನರ್ರಚನೆ’ ಎಂಬ ಭವ್ಯ ನಾಮಧೇಯವಿಟ್ಟು, ಯಾರನ್ನು ಕೆಲಸದಿಂದ ಬಿಡಿಸಬೇಕೆಂದು ತಾವೇ ಗೊತ್ತುಮಾಡಿ, ಮುಖ ನೋಡಿ ಹೇಳುವ ಪಾಪದ ಕೆಲಸವನ್ನು ಮಾತ್ರ ಇವನ ಕೊರಳಿಗೆ ಕಟ್ಟಿದರು.

“ಉಪಾಸ ಹೊಟ್ಟೀಗೆ ಕೆಟ್ಟ ಸುದ್ದಿ ಹೇಳಬಾರ್ದು, ಬೇಟಾ” ಎಂದು ಬ್ಯಾಡಗಿಯ ತಾಯಿ ಮಕ್ತುಮಬಿ ಅವನನ್ನು ಬೆಳೆಸಿದ್ದಳು. ಹಾಗಾಗಿ ಕೆಲಸ ಹೋಗುವವರಿಗೆ ಮೊದಲು ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ತರಿಸುವನು. ತಿಂದು ನೀರು ಕುಡಿದ ಮೇಲೆ ಸುದ್ದಿ. ಕೆಲವರು ಹೀಗೆ ಹೋದಮೇಲೆ ಗುಟ್ಟು ರಟ್ಟಾಯಿತು. ಮೆಟ್ಟಿಲಲ್ಲಿ ಮಿರ್ಚಿಯ ವಾಸನೆ ಬಂದರೆ ಸಾಕು, ಇವತ್ತು ಯಾರ ಪಾಳಿಯೋ ಎಂದು ಎಲ್ಲರೂ ಬಾಗಿಲತ್ತ ತಿರುಗುವರು.

ನಿರ್ಮಲಾಳ ಸರದಿ ಬಂತು. ಹಾವೇರಿಯಿಂದ ದಿನಾ ರೈಲಿನಲ್ಲಿ ಬರುವವಳು. ಅವಳ ಸಂಬಳದ ಮೇಲೆಯೇ ಮನೆ ನಡೆಯಬೇಕು. ಪೊಟ್ಟಣ ನೋಡಿದವಳೇ ಪಕ್ಕಕ್ಕೆ ಸರಿಸಿದಳು.

“ತಿನ್ನವ್ವಾ.”

“ಹಸಿವಿಲ್ರೀ ಸರ್. ನಾಳೆ ತಿಂತೇನಿ.”

ಮರುದಿನವೂ ಅದೇ ಮಾತು. ತಿನ್ನದವಳಿಗೆ ಹೇಳಲು ಇವನಿಗೆ ಬಾಯಿ ಬಾರದು. ಹೇಳಿದಿರಾ ಎಂದು ಬೆಂಗಳೂರಿನಿಂದ ಫೋನು ಬಂದರೆ, “ಖರೇ ಹೇಳ್ತೇನ್ರಿ, ಆಕಿ ಇನ್ನಾ ತಿಂದಿಲ್ರಿ!” ಆ ಕಡೆಯವರಿಗೆ ಏನು ತಿಳಿದೀತು? ಅವಳ ನೌಕರಿ ಆ ಒಂದು ತುತ್ತಿನ ಮೇಲೆ ನಿಂತಿತ್ತು, ಮುನಾಫನ ಅಲೆದಾಟ ದುಪ್ಪಟ್ಟಾಗಿತ್ತು.

ವಾರ ಕಳೆಯುವುದರೊಳಗೆ ಎಲ್ಲರ ಪರದೆಯ ಮೇಲೂ ಒಮ್ಮೆಗೇ ಸಂದೇಶ ಬಂತು: ಶಾಖೆಯೇ ಮುಚ್ಚಿದೆ, ಮ್ಯಾನೇಜರನೂ ಸೇರಿ ಎಲ್ಲರೂ ಮನೆಗೆ. ಮುನಾಫ ಆಗ ಹೊರಗೆ ಹೋಗಿದ್ದ. ಮರಳಿದಾಗ ನಿರ್ಮಲಾ ಕುರ್ಚಿ ಎಳೆದು, ತಾನೇ ತರಿಸಿದ್ದ ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟಳು.

“ಕುಂದ್ರಿ ಸರ್. ಮೊದ್ಲ ತಿನ್ರಿ.”

ಕೀಗೊಂಚಲು ಸುಮ್ಮನಾಯಿತು. ಮುನಾಫ ಕುಳಿತ. ಅರ್ಧ ತಿಂದು ಉಳಿದದ್ದನ್ನು ಅವಳತ್ತ ಸರಿಸಿದ. ಈ ಸಲ ಅವಳು ಬೇಡವೆನ್ನಲಿಲ್ಲ.

ಇಂಥವರು ಯಾರ ನೌಕರಿಯನ್ನೂ ಉಳಿಸಲಾರರು. ಅದಕ್ಕಾಗಿ ಅವರ ಮೇಲೆ ಸಿಟ್ಟೂ ಬರುತ್ತದೆ. ಆದರೂ ಬೀಳಲಿರುವವರ ಹೊಟ್ಟೆಯಲ್ಲಿ ಒಂದು ತುತ್ತಾದರೂ ಇರಲಿ ಎಂದು ಒದ್ದಾಡುವವರು ಅವರೇ. ಯಂತ್ರಕ್ಕೆ ಅವರು ನಮ್ಮ ಮಾತನ್ನೆಲ್ಲ ಕಲಿಸಿಕೊಟ್ಟರು. ಇದೊಂದನ್ನು ಕಲಿಸಿರೆಂದು ಯಾರೂ ಅವರನ್ನು ಕೇಳಲಿಲ್ಲ.