ಉಬ್ಬಿದ ಬಿರುಕು

ಬೆಟ್ಟ ಅಗೆದು ಇಲಿ ಹಿಡಿದವರ ಕತೆ ಎಲ್ಲರಿಗೂ ಗೊತ್ತು. ಈ ಹಡಗಿನವರು ಕಡಲಿನ ತಳವನ್ನೇ ಕೊರೆದು ತೆಂಗಿನಕಾಯಿ ಗಾತ್ರದ ಜೇಡಿಮಣ್ಣಿನ ಉಂಡೆ ಹಿಡಿದಿದ್ದರು. ಆದರೆ ಅದು ಅಂತಿಂಥ ಮಣ್ಣಲ್ಲ. ಭೂಮಿಯ ಒಂದು ಚಿಪ್ಪು ಇನ್ನೊಂದರ ಅಡಿಗೆ ನುಸುಳುವ ಜಾಗವಿದೆಯಲ್ಲ, ಅಲ್ಲಿನ ಬಿರುಕಿನ ಒಳಗಿನ ಮಣ್ಣು. ದೊಡ್ಡ ದೊಡ್ಡ ಭೂಕಂಪಗಳು ಹುಟ್ಟುವುದು ಅಲ್ಲಿಯೇ. ತಿಂಗಳುಗಟ್ಟಲೆ ಕೊಳವೆಗೆ ಕೊಳವೆ ಜೋಡಿಸಿ ಇಳಿಸಿದ್ದಕ್ಕೆ ಸಿಕ್ಕಿದ್ದು ಅಷ್ಟೇ; ಮಿಕ್ಕಿದ್ದೆಲ್ಲ ಮೇಲೆ ಬರುವಷ್ಟರಲ್ಲಿ ನೀರುಪಾಲಾಗಿತ್ತು. ಈಗ ಹವೆ ಕೆಟ್ಟು ಕೊರೆಯುವ ಕೆಲಸವೂ ನಿಂತಿತ್ತು.

ಆ ಉಂಡೆಯನ್ನು ಪರೀಕ್ಷಿಸಬೇಕಾದವಳನ್ನು ಹಡಗಿನಲ್ಲಿ ಎಲ್ಲರೂ ಜೇಡಿ ಎಂದೇ ಕರೆಯುತ್ತಿದ್ದರು. ಈ ಮಣ್ಣು ಜಾರುಮಣ್ಣು ಎಂಬುದು ಅವಳ ವಾದ. ಜಾರಿದರೆ ಬಿರುಕು ಕಡಲ ತಳದವರೆಗೂ ಸರಕ್ಕನೆ ಸರಿದು ನೀರನ್ನು ಎತ್ತಿ ದಡಕ್ಕೆ ಒಗೆಯುತ್ತದೆ. ದಡದ ಊರಿನ ತಡೆಗೋಡೆ ಆ ಅಲೆಗೆ ಸಾಲದು. ಹಡಗಿನ ಮುಖ್ಯ ವಿಜ್ಞಾನಿಯವರ ವಾದವೇ ಬೇರೆ. ಬಿರುಕು ಮೊದಲು ಉಬ್ಬುತ್ತದೆ, ಆಮೇಲೆ ಅಂಟಿಕೊಂಡು ಅರ್ಧದಲ್ಲೇ ನಿಲ್ಲುತ್ತದೆ, ಗೋಡೆ ಈಗಿರುವಷ್ಟೇ ಸಾಕು ಎಂದು ಮೂವತ್ತು ವರ್ಷದಿಂದ ಸಾರುತ್ತಾ ಬಂದು ‘ಉಬ್ಬು ಸಾಹೇಬರು’ ಎಂಬ ಹೆಸರು ಗಳಿಸಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಗೋಡೆ ಎತ್ತರಿಸಬೇಕೇ ಬೇಡವೇ ಎಂದು ದಡದವರು ಹಡಗಿನ ಮಾತಿಗೆ ಕಾಯುತ್ತಿದ್ದರು. ಜೇಡಿಯ ಅಮ್ಮನ ಮನೆ ಆ ಗೋಡೆಯ ಬೆನ್ನಿಗೇ ಇತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕಿದರೆ ಗೋಡೆಯ ನೆರಳು ಬಿದ್ದು ಸಂಜೆಯವರೆಗೂ ಒಣಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲೇ ಪ್ರಯೋಗಾಲಯದ ಫ್ರಿಜ್ ಕೈಕೊಟ್ಟಿತು. ಜೇಡಿ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಚೀಟಿ ಅಂಟಿಸಿ, ಅಡುಗೆಮನೆಯ ಕೋಲ್ಡ್ ರೂಮಿನಲ್ಲಿಟ್ಟಳು. ಹಡಗಿನ ಅಡುಗೆಯವಳು ಅವಳ ಸ್ವಂತ ಅಕ್ಕ. ಮರುದಿನ ಸಾಹೇಬರ ಹುಟ್ಟುಹಬ್ಬ. ಅಕ್ಕನೂ ಕಪ್ಪು ಬ್ರೆಡ್ಡಿಗೆ ಹಿಟ್ಟು ನಾದಿ, ಅಂಥದ್ದೇ ಹಾಳೆಯಲ್ಲಿ ಸುತ್ತಿ, ಅದೇ ಶೆಲ್ಫಿನಲ್ಲಿ ಮಲಗಿಸಿದಳು. ಥಂಡಿಗೆ ಚೀಟಿ ಕಳಚಿ ಬಿತ್ತು. ಮುಂದೇನಾಯಿತೆಂದು ನೀವು ಆಗಲೇ ಊಹಿಸಿರುತ್ತೀರಿ. ಆದರೆ ನೀವು ವಿಜ್ಞಾನಿಗಳಲ್ಲವಲ್ಲ.

ಬೆಳಿಗ್ಗೆ ಜೇಡಿ ಉಂಡೆಯನ್ನು ಯಂತ್ರದ ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟು, ಬಿರುಕಿನ ಆಳದಲ್ಲಿರುವಷ್ಟೇ ಬೆಚ್ಚಗೆ ಮಾಡಿ, ಮೇಲಿನ ಹಲಗೆಯನ್ನು ಮೆಲ್ಲಗೆ ಎಳೆಸಿದಳು. ಅದು ಜಾರಲಿಲ್ಲ. ಹಲಗೆಯನ್ನು ಕಚ್ಚಿ ಹಿಡಿಯಿತು. ಅಷ್ಟು ಸಾಲದೆಂಬಂತೆ ಸ್ವಲ್ಪ ಹೊತ್ತಿಗೆ ಉಬ್ಬತೊಡಗಿತು.

“ಉಬ್ತು! ನೋಡ್ರೋ, ಉಬ್ತು!” ಸಾಹೇಬರು ನಿಂತಲ್ಲೇ ಕುಣಿದರು. “ಅಷ್ಟು ಬಡ್ಕೊಂಡೆ, ಒಬ್ರಾದ್ರೂ ಕೇಳಿದ್ರಾ?”

ಸೂಕ್ಷ್ಮಜೀವಿ ತಜ್ಞ, ಎಲ್ಲರ ಬಾಯಲ್ಲಿ ಕ್ರಿಮಿರಾಯ, ಒಂದು ಚೂರು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿ ಕಿರುಚಿದ. “ಸಾರ್, ಜೀವ ಇದೆ! ಗಾಳಿ ಬೆಳಕು ಇಲ್ಲದ ಪಾತಾಳದಲ್ಲಿ ಮರಿ ಹಾಕ್ಕೊಂಡು ಸುಖವಾಗಿವೆ!”

“ಏನು ಹೆಸರಿಡ್ತೀಯಪ್ಪಾ?”

“ನಿಮ್ಮದೇ ಸಾರ್.”

ಸಾಹೇಬರ ಕಣ್ಣು ತುಂಬಿ ಬಂತು. ಯಂತ್ರದಿಂದ ಬರುತ್ತಿದ್ದ ಹುಳಿ ವಾಸನೆಯನ್ನು ಆಳವಾಗಿ ಎಳೆದುಕೊಂಡು, “ಭೂಗರ್ಭದ ವಾಸನೆ” ಎಂದರು. ಗೋಡೆ ಸಾಕು ಎಂದು ಊಟ ಮುಗಿದ ಕೂಡಲೇ ದಡಕ್ಕೆ ತಿಳಿಸುವುದಾಗಿ ಸಾರಿದರು.

ಜೇಡಿ ಅಳು ನುಂಗಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಅಕ್ಕ ಆಗಲೇ ಅಳುತ್ತಿದ್ದಳು.

“ಅಕ್ಕಾ, ನಾನು ಸೋತೆ ಕಣೇ.”

“ನೀನೊಬ್ಬಳೇನಾ? ನನ್ನ ಮಾನಾನೂ ಹೋಯ್ತು. ಹಿಟ್ಟು ಉಬ್ಬಲೇ ಇಲ್ಲ. ಬೆಚ್ಚಗಿಟ್ಟೆ, ಬಟ್ಟೆ ಹೊದಿಸಿದೆ, ಬೈದೂ ನೋಡಿದೆ. ಹೆಣದ ಹಾಗೆ ಬಿದ್ಕೊಂಡಿದೆ.”

“ನನ್ನ ಮಣ್ಣು ಉಬ್ತು, ನಿನ್ನ ಹಿಟ್ಟು ಉಬ್ಬಲಿಲ್ಲ. ಇಬ್ಬರ ಹಣೆಬರಹಾನೂ ಒಂದೇ ಬಿಡಕ್ಕ.”

ಇಷ್ಟು ಹೇಳಿಯೂ ತಂಗಿಗೆ ಏನೂ ಹೊಳೆಯಲಿಲ್ಲ. ಕೇಳಿಯೂ ಅಕ್ಕನಿಗೆ ಹೊಳೆಯಲಿಲ್ಲ. ಎಷ್ಟೆಂದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

“ನಾದೋಕೂ ಆಗ್ಲಿಲ್ಲ ಕಣೇ,” ಅಕ್ಕ ಮೂಗು ಒರೆಸಿಕೊಂಡಳು. “ಚೂರು ನೀರು ಸೋಕಿದ್ದೇ ತಡ, ಸೋಪಿನ ಹಾಗೆ ಕೈಯಿಂದ ಜಾರಿ, ಮಣೆ ಮೇಲಿಂದ ಜಾರಿ, ಆ ಗೋಡೆಗೆ ಹೋಗಿ ಡಿಕ್ಕಿ ಹೊಡೀತು. ಅರ್ಧ ಹೇಗೋ ಓವನ್ನಿಗೆ ತುರುಕಿದೀನಿ.”

ಜೇಡಿಯ ಅಳು ನಿಂತಿತು. “ಎಲ್ಲೀವರೆಗೆ ಜಾರ್ತು?”

“ಆ ಗೋಡೆವರೆಗೂ ಅಂದ್ನಲ್ಲ!”

ಗೋಡೆಯ ಬುಡದ ಬೂದು ಕಲೆಯನ್ನು ಅವಳು ಬೆರಳಲ್ಲಿ ಬಳಿದು ನಾಲಿಗೆಗೆ ಮುಟ್ಟಿಸಿದಳು. ಹಲ್ಲಿಗೆ ಮರಳು ಸಿಕ್ಕಿತು, ನಾಲಿಗೆಗೆ ಕಡಲಿನ ಉಪ್ಪು. ಅಕ್ಕನನ್ನು ಅಪ್ಪಿಕೊಂಡು ಎತ್ತಿ ಒಂದು ಸುತ್ತು ತಿರುಗಿಸಿದಳು. ಅಕ್ಕನ ತೂಕಕ್ಕೆ ಅದು ಸಣ್ಣ ಸಾಹಸವಲ್ಲ. ಮಣೆಯ ಮೇಲೆ ಬಟ್ಟೆ ಹೊದ್ದು ಬೆಚ್ಚಗೆ ಮಲಗಿದ್ದ ಉಳಿದರ್ಧವನ್ನು ಎದೆಗವುಚಿಕೊಂಡು ಓಡಿದಳು. ಹಿಂದಿನಿಂದ ಅಕ್ಕ, “ಹಾಗಾದ್ರೆ ನನ್ನ ಹಿಟ್ಟೆಲ್ಲಿ?” ಎನ್ನುತ್ತಾ ಓಡಿಬಂದಳು.

ಯಂತ್ರದೊಳಗಿನ ಹಿಟ್ಟು ತೆಗೆದು, ಆ ಜಾಗಕ್ಕೆ ಇದನ್ನಿಟ್ಟು ಹಲಗೆ ಎಳೆಸಿದರೆ, ಮಣ್ಣು ಜಾರಿತು. ತಡೆ ಎಂಬುದೇ ಇಲ್ಲದೆ ಜಾರಿತು. ಜೇಡಿ ಹಿರಿಹಿರಿ ಹಿಗ್ಗಿದಳು. ಮರುಗಳಿಗೆಯೇ ಅಮ್ಮನ ಹಿತ್ತಲು ನೆನಪಾಯಿತು. ತನ್ನ ಮಾತು ನಿಜವಾಯಿತೆಂದು ಇಷ್ಟು ಹೆದರಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ಅಕ್ಕತಂಗಿಯರು ಊಟದ ಕೋಣೆಗೆ ನುಗ್ಗಿದಾಗ ಓವನ್ನಿನ ಬ್ರೆಡ್ಡು ಆಗಲೇ ಮೇಜಿಗೆ ಬಂದಿತ್ತು. ಸಾಹೇಬರು ಚಾಕು ಮುರಿದುಕೊಂಡು, ಸುತ್ತಿಗೆ ತರಲು ಹೇಳುತ್ತಿದ್ದರು.

“ಸಾರ್, ಅದು ಬಿರುಕು!” ಎಂದಳು ಜೇಡಿ.

“ಬೆಳಿಗ್ಗೆ ಮೆಷಿನ್ನಿನಲ್ಲಿ ಉಬ್ಬಿದ್ದು ನಿಮ್ಮ ಬ್ರೆಡ್ಡು,” ಎಂದಳು ಅಕ್ಕ.

ಸಾಹೇಬರು ಎದ್ದು ಹೋಗಿ ಯಂತ್ರದ ಪರದೆಯನ್ನು ನೋಡಿದರು, ಮಣ್ಣನ್ನು ಬೆರಳಲ್ಲಿ ಉಜ್ಜಿದರು, ಉಬ್ಬಿದ ಹಿಟ್ಟನ್ನು ತುಂಬ ಹೊತ್ತು ಮೂಸಿದರು. ವಾಪಸು ಬಂದಾಗ ಅವರ ಮುಖ ಇಷ್ಟೇ ಇಷ್ಟಾಗಿತ್ತು.

“ಅದನ್ನ ಬೇಯಿಸೋಕೆ ಆಗುತ್ತಾಮ್ಮ?” ಎಂದು ಅಕ್ಕನನ್ನು ಕೇಳಿದರು.

“ಭರ್ಜರಿಯಾಗಿ ಉಬ್ಬಿದೆ ಸಾರ್. ಯಾಕಾಗಲ್ಲ?”

ಬಿಸಿ ಬಿಸಿ ಬ್ರೆಡ್ಡು ಬಂತು. ಕ್ರಿಮಿರಾಯ ಮಾತ್ರ ಮುಟ್ಟಲಿಲ್ಲ. ಹೆಸರಿಟ್ಟ ಮಕ್ಕಳನ್ನು ಹೇಗೆ ತಿನ್ನಲಿ ಎಂದು ಮುಖ ತಿರುಗಿಸಿ ಕೂತ. ಸಾಹೇಬರು ತಮ್ಮ ಮೂವತ್ತು ವರ್ಷದ ಸಿದ್ಧಾಂತಕ್ಕೆ ಬೆಣ್ಣೆ ಸವರಿ, ಒಂದು ಚೂರೂ ಬಿಡದೆ ತಿಂದರು. ಬಾಯಿ ತುಂಬಿಕೊಂಡೇ ದಡಕ್ಕೆ ಫೋನ್ ಹಚ್ಚಿಸಿದರು.

“ಗೋಡೆ ಎತ್ತರಿಸಿ. ಇವತ್ತೇ ಶುರು ಮಾಡಿ. ನಾನು ಹೇಳ್ತಾ ಬಂದಿದ್ದು ತಪ್ಪು.”

ಫೋನಿಟ್ಟು, ಜೇಡಿಯ ಕಡೆ ನೋಡಲಾರದೆ, ಖಾಲಿ ತಟ್ಟೆಯನ್ನು ಅವಳ ಮುಂದೆ ಸರಿಸಿದರು.

“ಇನ್ನೊಂದು ತುಂಡು ಹಾಕಮ್ಮ.”